ಸುಣ್ಣ, ಜಾಜು ಮತ್ತು ನಮ್ಮೂರ ಗೋಡೆಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಕೋಗಳಿಯ ಇತಿಹಾಸವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಸದಿ ಮತ್ತು ಶಾಸನಗಳು. ನೊಳಂಬವಾಡಿ 32000ದೊಳಗಿನ ಕೋಗಳಿ 500 ಎಂಬ ನಾಡಿಗೆ ಹೆಸರು ಕೊಟ್ಟದ್ದೇ ನಮ್ಮೂರು. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ 1055ರ ಶಾಸನವು ಇಲ್ಲಿಯ ಬಸದಿಯನ್ನು ದುರ್ವಿನೀತ ಕಟ್ಟಿಸಿದನೆಂದು ಹೇಳುತ್ತದೆ. ‘ಕವಿರಾಜಮಾರ್ಗ’ದಲ್ಲಿ ಕನ್ನಡದ ಹಳೆಯ ಗದ್ಯಕಾರರ ಸಾಲಿನಲ್ಲಿ ಬರುವ ದುರ್ವಿನೀತನೂ ಇದೇ ಗಂಗ ಅರಸನೆಂದು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ಹೊಯ್ಸಳ ರಾಮನಾಥನ ಕಾಲದಲ್ಲೂ ಇಲ್ಲಿಯ ಚೆನ್ನಪಾರ್ಶ್ವ ದೇವರಿಗೆ ದಾನಗಳು ಬಂದಿವೆ. ಇದನ್ನೆಲ್ಲ ಬಲ್ಲವರು ಬರೆದಿದ್ದಾರೆ, ನಮ್ಮ ಮಕ್ಕಳು ಭಾಷಣ ಸ್ಪರ್ಧೆಯಲ್ಲಿ ಬಾಯಿಪಾಠ ಒಪ್ಪಿಸುತ್ತಾರೆ.

ನಾನು ಬರೆಯಬೇಕೆಂದುಕೊಂಡದ್ದು ಶಾಸನವಿಲ್ಲದ ಗೋಡೆಗಳ ಬಗ್ಗೆ. ಅಂದರೆ ನಮ್ಮ ನಿಮ್ಮ ಮನೆಯ ಗೋಡೆಗಳು, ಅವುಗಳ ಮೇಲೆ ನಮ್ಮ ಅವ್ವಂದಿರು ಬರೆದು, ಮರುವರ್ಷ ತಾವೇ ಅಳಿಸಿ, ಮತ್ತೆ ಬರೆದ ಚಿತ್ರಗಳು.

ಈ ಶಾಲೆಯಲ್ಲಿ ಮೊದಮೊದಲು ಓದಿದವರಿಗೆ ಮಾಳಿಗೆ ಮನೆಯನ್ನು ವಿವರಿಸಬೇಕಾಗಿಲ್ಲ. ಈಗಿನ ಮಕ್ಕಳಿಗಾಗಿ ಹೇಳುತ್ತೇನೆ. ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಚಪ್ಪಟೆ ಚಾವಣಿ. ತಲಬಾಗಿಲು ದಾಟಿದರೆ ಮೊದಲು ಸಿಗುವುದು ಎತ್ತುಗಳ ಗೋದಲಿ, ಆಮೇಲೆ ಎತ್ತರದ ಪಡಸಾಲೆ, ಅದರ ಹಿಂದೆ ಅಡುಗೆ ಮನೆ. ದನಕ್ಕೆ ಬೇರೆ ಮನೆ, ಜನಕ್ಕೆ ಬೇರೆ ಮನೆ ಎಂಬ ಅನುಕೂಲ ಹೆಚ್ಚಿನವರಿಗೆ ಇರಲಿಲ್ಲ. ಆದ್ದರಿಂದ ಪಡಸಾಲೆಗೆ ಸುಣ್ಣ ಹಚ್ಚಿದ ದಿನ ಗೋದಲಿಯ ಗೋಡೆಗೂ ಸುಣ್ಣ. ದೇವರ ಮಾಡಿನ ಸುತ್ತ ಗೆರೆ ಎಳೆದ ಕೈಯೇ ಎತ್ತಿನ ತಲೆಯ ಹಿಂದೆಯೂ ಗೆರೆ ಎಳೆಯುತ್ತಿತ್ತು.

ಈ ಕೆಲಸಕ್ಕೆ ಸಾರಣೆ-ಕಾರಣೆ ಎಂದು ಹೆಸರು. ನೆಲಕ್ಕೆ ಸಗಣಿಯಿಂದ ಸಾರಿಸುವುದು ಸಾರಣೆ, ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಅಂಚು ಹಿಡಿಸುವುದು ಕಾರಣೆ. ಹಬ್ಬ, ಮದುವೆ, ಜಾತ್ರೆ ಯಾವುದೇ ಇರಲಿ, ಮೊದಲ ಕೆಲಸ ಇದು. ಮಹಾನವಮಿಯಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಅವ್ವನ ಬೆರಳುಗಳು ಸುಣ್ಣದಿಂದ ಸೀಳಿರುತ್ತಿದ್ದವು. ಸುಣ್ಣದ ಕಲ್ಲನ್ನು ಹಳೆಯ ಗಡಿಗೆಯಲ್ಲಿ ಹಾಕಿ ನೀರು ಸುರಿದರೆ ಅದು ಕೊತಕೊತ ಕುದಿಯುತ್ತಿತ್ತು. ನಮಗದು ಹಬ್ಬದ ಮೊದಲ ತಮಾಷೆ. ಒಂದು ರಾತ್ರಿ ಬಿಟ್ಟು ಅರಿವೆಯಲ್ಲಿ ಸೋಸಿ, ಬಿಳುಪು ಹೊಳೆಯಲೆಂದು ಚಿಟಿಕೆ ನೀಲಿ ಬೆರೆಸಿ, ಅಂಟಿಕೊಳ್ಳಲೆಂದು ಜಾಲಿ ಮರದ ಅಂಟು ಹಾಕುತ್ತಿದ್ದಳು. ಕತ್ತಾಳಿ ನಾರನ್ನು ಜಜ್ಜಿ ಕಟ್ಟಿದ್ದು ದೊಡ್ಡ ಕುಂಚ. ಸಣ್ಣ ಗೆರೆಗೆ ಈಚಲ ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಜಗಿದು ಮಾಡಿದ ಕುಂಚ.

ಬಿಳಿ ಒಣಗಿದ ಮೇಲೆ ಜಾಜು. ಜಾಜನ್ನು ನೀರಿನಲ್ಲಿ ಕಲಸಿ ಮೊದಲು ಗೋಡೆಯ ಬುಡಕ್ಕೆ ಮೊಳ ಎತ್ತರದ ಕೆಂಪು ಪಟ್ಟಿ. ಅದರ ಮೇಲೆ ಸುಣ್ಣದ ಚುಕ್ಕೆಗಳ ಸಾಲು. ಬಾಗಿಲ ಚೌಕಟ್ಟಿನ ಸುತ್ತ ಬಳ್ಳಿ. ಮಾಡಿನ ಎರಡೂ ಕಡೆ ಸೂರ್ಯ-ಚಂದ್ರ. ಗೋದಲಿಯ ಮೇಲೆ ಕೊಂಬಿನ ಎತ್ತು, ದನ ಕಾಯುವ ಹುಡುಗ, ಮನೆಯೊಳಕ್ಕೆ ಬರುವ ಸಣ್ಣ ಸಣ್ಣ ಹೆಜ್ಜೆಗಳು. ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿ ಇಡುವ ಜಾಗದ ಹಿಂದಿನ ಗೋಡೆಗೆ ಅವ್ವ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಅಲ್ಲಿ ಒಂದು ಚೌಕ, ಅದರೊಳಗೆ ಓರೆಯಾಗಿ ಮತ್ತೊಂದು ಚೌಕ, ಮೂಲೆಗಳಲ್ಲಿ ಮುಕ್ಕೋನಗಳು. ಇದು ಎಲ್ಲಿಂದ ಬಂತು ಎಂದು ಕೇಳಿದರೆ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಮಡಚಿಟ್ಟ ಕೌದಿಯ ಕಡೆ ಬೆರಳು ತೋರಿಸುತ್ತಿದ್ದಳು. ಹಳೆಯ ಸೀರೆ, ಧೋತರ, ಹುಡುಗರ ಹರಿದ ಅಂಗಿ ಸೇರಿಸಿ ಹೊಲಿದ ಕೌದಿ. ಅರಿವೆಯಲ್ಲಿ ಹೊಲಿದದ್ದನ್ನೇ ಗೋಡೆಯಲ್ಲಿ ಬರೆಯುತ್ತಿದ್ದಳು.

ಈ ಬಣ್ಣದ ವಂಶಾವಳಿ ನೋಡಿದರೆ ಬಸದಿಗಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಜಾಜು ಎಂದರೆ ಕಬ್ಬಿಣದ ಅಂಶವಿರುವ ಮಣ್ಣು. ಸಂಡೂರಿನ ಗುಡ್ಡದಿಂದ ಲಾರಿಗಟ್ಟಲೆ ಅದಿರು ಸಾಗುವಾಗ ರಸ್ತೆ ಬದಿಯ ಗಿಡಗಳ ಮೇಲೆ ಕೂರುವ ಕೆಂಪು ಧೂಳಿನ ಬಂಧು ಅದು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದದ್ದು ಇದೇ ಜಾತಿಯ ಕೆಂಪಿನಲ್ಲಿ. ಹರಪನಹಳ್ಳಿ ಸೀಮೆಯ ಬಾಗಳಿ, ಹಡಗಲಿ ಸೀಮೆಯ ಕುರುವತ್ತಿ, ಹಿರೇಹಡಗಲಿ, ಮಾಗಳದ ಗುಡಿಗಳನ್ನು ನಾವು ಶಿಲ್ಪಕ್ಕಾಗಿ ಹೊಗಳುತ್ತೇವೆ. ಅವು ಕಲ್ಲಿನ ಕೆಲಸ, ಉಳಿಯ ಕೆಲಸ. ಆದರೆ ಆ ಕಾಲದಲ್ಲೂ ಸುಣ್ಣದ ಕೆಲಸ ಸಣ್ಣದೆಂದು ಯಾರೂ ತಿಳಿದಿರಲಿಲ್ಲ. ರಾಷ್ಟ್ರಕೂಟ-ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ’, ‘ನವಸುಧಾಕರ್ಮ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಒಡೆದದ್ದನ್ನು ಬಿರಿದದ್ದನ್ನು ಸರಿಪಡಿಸುವುದಕ್ಕೆ, ಹೊಸದಾಗಿ ಸುಣ್ಣ ಬಳಿಯುವುದಕ್ಕೆ ಎಂದು ಅರ್ಥ. ಸುಧೆ ಎಂದರೆ ಸುಣ್ಣ. ದೇವರ ಪೂಜೆಗೆ, ಋಷಿಗಳ ಆಹಾರಕ್ಕೆ ಭೂಮಿ ಬಿಟ್ಟಂತೆ ಸುಣ್ಣ ಬಳಿಯುವುದಕ್ಕೂ ಭೂಮಿ ಬಿಡುತ್ತಿದ್ದರು. ಅದು ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ ಎಂಬುದು ದಾನಿಗಳಿಗೆ ಗೊತ್ತಿತ್ತು.

ಗೋಡೆಯ ಚಿತ್ರ ಎಂದಾಗ ಪಠ್ಯಪುಸ್ತಕ ಹೇಳುವುದು ಬಾದಾಮಿ, ಹಂಪಿ, ಲೇಪಾಕ್ಷಿ. ಬಾದಾಮಿಯ 3ನೆಯ ಗುಹೆ 578ರದು, ಅಲ್ಲಿ ಉಳಿದಿರುವುದು ಮಾಸಿದ ತುಣುಕುಗಳು. ಹಂಪಿ ನಮಗೆ ಹತ್ತಿರ. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತು ನೋಯುವವರೆಗೆ ಮೇಲೆ ನೋಡಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಪಲ್ಲಕ್ಕಿಯಲ್ಲಿ ಹೋಗುವ ವಿದ್ಯಾರಣ್ಯರು, ಮತ್ಸ್ಯಯಂತ್ರ ಹೊಡೆಯುವ ಅರ್ಜುನ, ಗಿರಿಜಾ ಕಲ್ಯಾಣ, ಶಿವನಿಗೆ ಬಾಣ ಹೂಡಿದ ಮನ್ಮಥ. ಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರಲ್ಲಿ ಕಟ್ಟಿಸಿದ. ಹಾಗೆಂದು ಈಗ ಕಾಣುವ ಚಿತ್ರಗಳೂ ಅವನ ಕಾಲದ್ದೇ ಎಂದು ಗೈಡುಗಳು ಹೇಳಿಬಿಡುತ್ತಾರೆ. ಅವು ಅದಕ್ಕಿಂತ ಬಹಳ ಈಚಿನವು, 19ನೆಯ ಶತಮಾನದಷ್ಟು ಈಚಿನವು ಎನ್ನುವ ವಿದ್ವಾಂಸರಿದ್ದಾರೆ. ನನಗೆ ಇದರಲ್ಲಿ ಬೇಸರಪಡುವಂಥದ್ದೇನೂ ಕಾಣುವುದಿಲ್ಲ. ರಾಜ್ಯ ಹಾಳಾದ ಮೇಲೂ ಯಾರೋ ಏಣಿ ಹಾಕಿ ಹತ್ತಿ, ಗಾರೆ ಹಚ್ಚಿ, ಮತ್ತೆ ಬರೆದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಂಪಿಯ ಗುಡಿಯಲ್ಲಿ ಬಣ್ಣ ಹಾಕಿದವರು ತಮ್ಮ ಹಿರಿಯರೇ ಎಂದು ಹೇಳಿಕೊಳ್ಳುತ್ತಾರೆ. ಲೇಪಾಕ್ಷಿ ಇಂದು ಆಂಧ್ರದಲ್ಲಿದೆ, ಆದರೆ 1882ರಲ್ಲಿ ಅನಂತಪುರ ಜಿಲ್ಲೆಯನ್ನು ಬೇರೆ ಮಾಡುವವರೆಗೆ ಅದೂ ಬಳ್ಳಾರಿ ಜಿಲ್ಲೆಯದೇ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ಗುಡಿಯ ಚಾವಣಿಯಲ್ಲಿ ಹೆಂಗಸರು ಉಟ್ಟ ಸೀರೆಗಳ ಚೌಕಳಿ, ಗೆರೆ, ಬಳ್ಳಿಗಳನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಪೆಟ್ಟಿಗೆಯ ಮೇಲಿನ ಕೌದಿ.

ಮಲೆನಾಡಿನ ಸಾಗರ, ಸೊರಬದ ಕಡೆ ದೀವರ ಹೆಂಗಸರ ಹಸೆ ಚಿತ್ತಾರಕ್ಕೆ ಈಗ ಒಳ್ಳೆಯ ಹೆಸರಿದೆ. ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅದನ್ನು ಪುಸ್ತಕ ಮಾಡಿದರು, ಬೆಂಗಳೂರಿನಲ್ಲಿ ಪ್ರದರ್ಶನ ಮಾಡಿದರು. ನಮ್ಮ ಬಯಲುಸೀಮೆಯ ಸುಣ್ಣ-ಜಾಜಿಗೆ ಹಾಗೊಂದು ಹೆಸರೂ ಬರಲಿಲ್ಲ. ಯಾಕೆಂದರೆ ನಾವೇ ಅದನ್ನು ಚಿತ್ರ ಎಂದು ಕರೆಯಲಿಲ್ಲ. ಮನೆಗೆಲಸ ಎಂದುಕೊಂಡೆವು.

ಇದೇ ಗೋಡೆಗಳ ಮೇಲೆ ಹೊರಗಿನವರೂ ಬರೆಯತೊಡಗಿದ್ದು ಸ್ವಾತಂತ್ರ್ಯದ ನಂತರ. 1953 ನಮಗೆ ಎರಡು ಕಾರಣಕ್ಕೆ ಮುಖ್ಯ ವರ್ಷ. ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯ ಸೇರಿತು, ಅದೇ ವರ್ಷ ದೇಶದಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಶುರುವಾಯಿತು. ಡಿ.ಡಿ.ಟಿ. ಹೊಡೆಯುವವರು ಬಂದುಹೋದ ತಾರೀಖನ್ನು ಬಾಗಿಲ ಪಕ್ಕದಲ್ಲಿ ಬರೆದು ಹೋಗುತ್ತಿದ್ದರು. ಆಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು. ಎತ್ತಿನ ಜೋಡಿ, ಹಸು-ಕರು, ಹಸ್ತ ಎಂದು ಚುನಾವಣೆಯ ಗುರುತುಗಳು ಬಂದವು. ಎತ್ತಿನ ಜೋಡಿಯನ್ನು ಪಕ್ಷದ ಪೇಂಟರ್ ಬರೆದದ್ದಕ್ಕಿಂತ ತಾನು ಗೋದಲಿಯಲ್ಲಿ ಬರೆದದ್ದೇ ಚೆಂದ ಎಂದು ಅವ್ವ ಹೇಳುತ್ತಿದ್ದಳು. ಅವಳ ಮಾತು ಸುಳ್ಳಲ್ಲ. ಗೊಬ್ಬರ, ಬೀಜ, ಸಿಮೆಂಟಿನ ಜಾಹೀರಾತುಗಳು ಕೊನೆಗೆ ಬಂದವು. ಹೊರಗೋಡೆ ಹೀಗೆ ಊರಿನದಾಯಿತು, ಒಳಗೋಡೆ ಮಾತ್ರ ಅವ್ವನ ಪಾಲಿಗೆ ಉಳಿಯಿತು.

ಆ ಒಳಗೋಡೆಯನ್ನು ಕಿತ್ತುಕೊಂಡವನು ನಾನು. ನೌಕರಿ ಸೇರಿ ಮೊದಲ ಬೋನಸ್ ಕೈಗೆ ಬಂದಾಗ, ಅವ್ವ ಇನ್ನು ಸುಣ್ಣದಲ್ಲಿ ಕೈ ಸುಟ್ಟುಕೊಳ್ಳುವುದು ಬೇಡವೆಂದು ಪಡಸಾಲೆಗೆ, ಗೋದಲಿಗೆ ತಿಳಿಹಸಿರು ಆಯಿಲ್ ಪೇಂಟ್ ಹೊಡೆಸಿದೆ. ಹತ್ತು ವರ್ಷ ನೋಡುವ ಹಾಗಿಲ್ಲ ಎಂದು ಪೇಂಟರ್ ಭರವಸೆ ಕೊಟ್ಟಿದ್ದ. ಕೆಲಸ ಮುಗಿದ ಸಂಜೆ ಅವ್ವ ಗೋಡೆಗೆ ಕೈ ಆಡಿಸಿ, “ನುಣ್ಣಗ ಐತಿ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಯಪ್ಪಾ, ಹಂಗಾರ ಇನ್ನ ದೀವಳಿಗಿಗೆ ನಾ ಏನು ಮಾಡ್ಲಿ?” ಎಂದು ಕೇಳಿದಳು. ಆರಾಮ ಇರು ಎಂದೆ. ಆ ವರ್ಷ ಪಾಂಡವರ ಹಿಂದೆ ಚೌಕ ಬರೆಯಲು ಹೋದರೆ ಜಾಜು ಪೇಂಟಿನ ಮೇಲೆ ನಿಲ್ಲದೆ ಜಾರಿ ಹನಿಹನಿಯಾಗಿ ಇಳಿಯಿತು.

ಗೋಡೆಗೂ ಆ ಬಣ್ಣ ಒಗ್ಗಲಿಲ್ಲ. ಮಣ್ಣಿನ ಗೋಡೆ ನೆಲದಿಂದ ತೇವ ಹೀರಿ ಮೈಯಿಂದ ಹೊರಗೆ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಗಾಳಿಯಿಂದ ಅಂಗಾರಾಮ್ಲ ಹೀರಿಕೊಂಡು ಮತ್ತೆ ತೆಳುವಾದ ಕಲ್ಲಾಗುತ್ತದೆ, ತೇವಕ್ಕೆ ದಾರಿಯನ್ನೂ ಬಿಡುತ್ತದೆ. ಆಯಿಲ್ ಪೇಂಟ್ ಆ ದಾರಿ ಮುಚ್ಚಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋದಲಿಯ ಗೋಡೆ ಹಪ್ಪಳದಂತೆ ಉಬ್ಬಿತು. ಹತ್ತು ವರ್ಷ ಬಾಳದಿದ್ದರೂ ಅಷ್ಟರಲ್ಲಿ ರೂಢಿ ತಪ್ಪಿಹೋಗಿತ್ತು. ವರ್ಷ ವರ್ಷ ಮಾಡುವಾಗ ತಂಗಿ, ಸೊಸೆ, ಮಕ್ಕಳು ಪಕ್ಕದಲ್ಲಿ ಕೂತು ಚುಕ್ಕೆ ಇಡುತ್ತ ಕಲಿಯುತ್ತಿದ್ದರು. ಮಾಡುವುದೇ ನಿಂತ ಮೇಲೆ ಕಲಿಯುವವರೆಲ್ಲಿ? ಈ ಕಲೆ ಯಾಕೆ ಹೋಯಿತು ಎಂದು ಕೇಳಿದರೆ ಆರ್‌.ಸಿ.ಸಿ. ಮನೆ, ಟಿ.ವಿ., ಪೇಟೆಯ ಗಾಳಿ ಎಂದು ಏನೇನೋ ಹೇಳುತ್ತೇವೆ. ನನ್ನ ಮನೆಯ ಮಟ್ಟಿಗೆ ಹೇಳುವುದಾದರೆ, ಬಾಳಿಕೆ ಬರುವ ಬಣ್ಣ ಬಂದದ್ದರಿಂದ ಹೋಯಿತು.

ಅಮೆರಿಕದ ಒಂದು ಸಂಗತಿಯನ್ನು ಓದಿದಾಗ ಇದೆಲ್ಲ ಮತ್ತೆ ನೆನಪಾಯಿತು. ಅಲ್ಲಿಯ ರೈತರು ಹುಲ್ಲು, ಕಾಳು, ದನಕ್ಕಾಗಿ ಕಟ್ಟಿಗೆಯ ದೊಡ್ಡ ಕೊಟ್ಟಿಗೆ ಕಟ್ಟುತ್ತಾರೆ. ಅಲ್ಲಿಯ ಹೆಂಗಸರೂ ನಮ್ಮ ಕೌದಿಯಂತೆ ಅರಿವೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಾರೆ. ಓಹಾಯೋ ರಾಜ್ಯದ ಆಡಮ್ಸ್ ಕೌಂಟಿಯ ಡೊನ್ನಾ ಸೂ ಗ್ರೋವ್ಸ್ ಎಂಬಾಕೆ ತಮ್ಮ ಹೊಲದ ಹಳೆಯ ತಂಬಾಕಿನ ಕೊಟ್ಟಿಗೆ ನೋಡಿ, ಇದರ ಮೇಲೆ ನಿನ್ನದೊಂದು ಕೌದಿಯ ಚೌಕ ಬರೆಸುತ್ತೇನೆ ಎಂದು ತಾಯಿ ಮ್ಯಾಕ್ಸೀನ್‌ಗೆ ಮಾತು ಕೊಟ್ಟಿದ್ದಳು. ಅದು ವರ್ಷಗಟ್ಟಲೆ ಹಾಗೇ ಉಳಿಯಿತು. ಕೊನೆಗೆ ಊರವರೂ ಕೈಗೂಡಿಸಿದರು, ಒಂದೇ ಯಾಕೆ, ದಾರಿಯುದ್ದಕ್ಕೂ ಬರೆಯೋಣ ಎಂದರು. 2001ರಲ್ಲಿ ಮೊದಲ ಚೌಕ ಏರಿತು. ಈಗ ಅಮೆರಿಕ, ಕೆನಡಾದ ಹಳ್ಳಿಗಳಲ್ಲಿ ಅಂಥ ಸಾವಿರಾರು ಚೌಕಗಳಿವೆ, ಅವನ್ನು ನೋಡಲೆಂದೇ ಜನ ಕಾರು ಮಾಡಿಕೊಂಡು ಹೋಗುತ್ತಾರೆ. ಅವಳು ತಾಯಿಯ ಕೈಕೆಲಸವನ್ನು ಕೊಟ್ಟಿಗೆಯ ಗೋಡೆಗೆ ಏರಿಸಿದಳು, ನಾನು ಗೋದಲಿಯ ಗೋಡೆಯಿಂದ ಒರೆಸಿದೆ.

ಈಗ ಶಾಲೆಯ ವಿಷಯ. ನಮ್ಮ ಭಾಗದ ಸರ್ಕಾರಿ ಶಾಲೆಗಳ ಗೋಡೆಗಳಲ್ಲಿ ರೈಲು ಬೋಗಿ, ಮಗ್ಗಿ, ಭೂಪಟ, ಮಹಾತ್ಮರ ಚಿತ್ರಗಳು ಬಂದಿವೆ. ಒಳ್ಳೆಯದೇ. ಸುವರ್ಣ ಮಹೋತ್ಸವದ ನೆನಪಿಗೂ ಗೋಡೆ ಚಿತ್ರ ಬರೆಸಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಪೇಂಟರಿಗೆ ಬೇಕಾದಷ್ಟು ಗೋಡೆ ಕೊಡಲಿ. ಒಂದು ಗೋಡೆಯನ್ನು ಮಾತ್ರ ಪೇಂಟಿಲ್ಲದೆ ಬಿಡಿ ಎಂದು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ. ಊರಿನಲ್ಲಿ ಜಾಜಿನ ಗೆರೆ ಎಳೆಯಬಲ್ಲ ಅಜ್ಜಿಯರು ಇನ್ನೂ ಇದ್ದಾರೆ, ಪಕ್ಕದ ತಾಂಡಾಗಳಲ್ಲಿ ಕನ್ನಡಿ-ಕಸೂತಿಯ ಚೌಕಗಳನ್ನು ಕಣ್ಣು ಮುಚ್ಚಿ ಹೇಳಬಲ್ಲವರಿದ್ದಾರೆ. ದೀಪಾವಳಿಗೆ ಮೊದಲು ಅವರನ್ನು ಕರೆದು, ಹತ್ತನೆಯ ತರಗತಿಯ ಹುಡುಗಿಯರ ಜೊತೆಗೆ ಹುಡುಗರನ್ನೂ ಕೂಡಿಸಿ ಬರೆಸೋಣ. ಮರುವರ್ಷ ಸುಣ್ಣ ಬಳಿದು ಮುಂದಿನ ತಂಡ ಬರೆಯಲಿ. ಫೋಟೊ ತೆಗೆದು ಇಟ್ಟರೆ ಸಾಲದೇ ಎಂದು ಒಬ್ಬ ಗೆಳೆಯರು ಕೇಳಿದರು. ಫೋಟೊ ತೆಗೆಯಲಿ, ಬೇಡವೆನ್ನುವುದಿಲ್ಲ. ನವಸುಧಾಕರ್ಮಕ್ಕೆ ದತ್ತಿ ಬಿಟ್ಟ ಹಾಗೆ ವರ್ಷಕ್ಕೊಮ್ಮೆ ಸುಣ್ಣ, ಜಾಜಿನ ಖರ್ಚು ನನ್ನದಿರಲಿ ಎಂದು ಹೇಳಿದ್ದೇನೆ.

ನಮ್ಮ ಹಳೆಯ ಮನೆಯನ್ನು ಕೆಡವಿದಾಗ ಗೋದಲಿಯ ಗೋಡೆಯ ಒಂದು ಹೆಂಟೆಯನ್ನು ಎತ್ತಿಟ್ಟುಕೊಂಡೆ. ಅಂಗೈಯಗಲ ಇದೆ. ಮೇಲೆ ತಿಳಿಹಸಿರು ಆಯಿಲ್ ಪೇಂಟು, ಅದರ ಕೆಳಗೆ ಪದರ ಪದರವಾಗಿ ಸುಣ್ಣ, ನಡುನಡುವೆ ಕೂದಲೆಳೆಯಷ್ಟು ತೆಳುವಾದ ಕೆಂಪು. ಒಂದೊಂದು ಪದರ ಒಂದೊಂದು ವರ್ಷದ್ದು. ಮೂವತ್ತರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಅವ್ವನ ಕೈಯ ಪದರ ಎಲ್ಲಿ ಮುಗಿದು ಅಜ್ಜಿಯ ಕೈಯದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ. ಆ ಹೆಂಟೆಯನ್ನು ಅರಿವೆಯಲ್ಲಿ ಸುತ್ತಿ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ವಿಜ್ಞಾನದ ಕೋಣೆಯ ಗಾಜಿನ ಕಪಾಟಿನಲ್ಲಿ, ಕಲ್ಲುಗಳ ಮಾದರಿಗಳ ಪಕ್ಕದಲ್ಲಿ ಇಟ್ಟಿದ್ದಾರೆ.