ಮನೆಯ ವಿಸ್ತರಣವೂ ವಿದ್ಯುತ್ತಂತಿಯ ಎರಡು ಪದ್ಧತಿಗಳೂ

ಹಳೆಯ ಮನೆಗೆ ಹೊಸ ಕೋಣೆಯನ್ನೋ ಮಹಡಿಯನ್ನೋ ಸೇರಿಸುವಾಗ ತಳಪಾಯವು ಭಾರವನ್ನು ಹೊರಬಲ್ಲುದೇ ಎಂದು ವಿಚಾರಿಸದವರಿಲ್ಲ. ಮೀಟರಿನ ಪಕ್ಕದ ಫ್ಯೂಸಿನ ಹಲಗೆ ಹೊರಬಲ್ಲುದೇ ಎಂದು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ದೊರೆಯುವ ಉತ್ತರ ಒಂದು, ಇಂಗ್ಲೆಂಡಿನಲ್ಲಿ ದೊರೆಯುವುದು ಮತ್ತೊಂದು. ಆದರೆ ನಮ್ಮ ಪದ್ಧತಿಯೂ ಮೂಲತಃ ಅಲ್ಲಿಂದಲೇ ಬಂದುದು. ಅವರು ಕೈಬಿಟ್ಟುದನ್ನು ನಾವೇಕೆ ಉಳಿಸಿಕೊಂಡೆವು ಎಂಬುದು ಚರಿತ್ರೆಯ ವಿದ್ಯಾರ್ಥಿಗಳು ಪರಿಶೀಲಿಸತಕ್ಕ ವಿಷಯವಾಗಿದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ಅದು ಬಂದುದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಆ ಕಾಲದಲ್ಲಿ ಮನೆಯ ವಿದ್ಯುತ್ತೆಂದರೆ ಬಹುಮಟ್ಟಿಗೆ ದೀಪವೇ. ದೀಪಕ್ಕಾಗಿ ಹುಟ್ಟಿದ ತಂತಿಯ ವಿನ್ಯಾಸವು ಮರದಂತಿದ್ದಿತು: ಮುಖ್ಯ ಸ್ವಿಚ್ಚು ಬುಡ, ಫ್ಯೂಸಿನ ಹಲಗೆ ಕವಲು, ಅಲ್ಲಿಂದ ಹೊರಡುವ ಒಂದೊಂದು ತಂತಿಯೂ ಒಂದೊಂದು ಕೊಂಬೆ. 1934ರಲ್ಲಿ ಹೊರಬಿದ್ದ ಬಿ.ಎಸ್. 546 ಎಂಬ ಬ್ರಿಟಿಷ್ ಮಾನಕವು ದುಂಡು ಕಡ್ಡಿಯ ಪ್ಲಗ್ಗುಗಳನ್ನು 2, 5, 15 ಮತ್ತು 30 ಆಂಪೇರುಗಳೆಂದು ವಿಂಗಡಿಸಿತು. 15 ಆಂಪೇರಿನ ಸಾಕೆಟ್ಟಿಗೆ ಹಲಗೆಯಿಂದಲೇ ಬೇರೆ ತಂತಿ, ಬೇರೆ ಫ್ಯೂಸು ಇರುವುದು ವಾಡಿಕೆಯಾಗಿದ್ದಿತು. ಕೋಣೆ ಹೆಚ್ಚಿದರೆ ಕೊಂಬೆ ಹೆಚ್ಚಬೇಕು; ಹಲಗೆಯಲ್ಲಿ ಸ್ಥಳವಿಲ್ಲದಿದ್ದರೆ ಮತ್ತೊಂದು ಹಲಗೆಯನ್ನು ಹೂಡಬೇಕು.

ಇಂಗ್ಲೆಂಡಿನಲ್ಲಿ ಈ ಕ್ರಮವು ಮುರಿದುಬಿದ್ದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬಾಂಬಿನಿಂದ ಹಾಳಾದ ಮನೆಗಳ ಪುನರ್ನಿರ್ಮಾಣವನ್ನು ಮುಂದಾಗಿ ಯೋಚಿಸುವುದಕ್ಕೆ ರಚಿತವಾದ ಸಮಿತಿಗಳಲ್ಲಿ ವಿದ್ಯುತ್ ವ್ಯವಸ್ಥೆಯದೂ ಒಂದು. 1942ರಲ್ಲಿ ಏರ್ಪಟ್ಟ ಈ ಸಮಿತಿಯ ಇಪ್ಪತ್ತು ಮಂದಿ ಸದಸ್ಯರಲ್ಲಿ ಕ್ಯಾರೊಲಿನ್ ಹ್ಯಾಸ್ಲೆಟ್ ಒಬ್ಬರೇ ಮಹಿಳೆ. 1944ರಲ್ಲಿ ಪ್ರಕಟವಾದ ಅದರ ವಿಚಾರಗಳ ಫಲವಾಗಿ ಬಳೆಯಾಕಾರದ ತಂತಿಯೂ, 1947ರ ಬಿ.ಎಸ್. 1363 ಮಾನಕದ 13 ಆಂಪೇರಿನ ಫ್ಯೂಸುಳ್ಳ ಪ್ಲಗ್ಗೂ ಬಳಕೆಗೆ ಬಂದುವು. ಬಳೆಯಲ್ಲಿ ತಂತಿಯು ಹಲಗೆಯಿಂದ ಹೊರಟು ಸಾಕೆಟ್ಟುಗಳನ್ನೆಲ್ಲ ಹಾಯ್ದು ಅದೇ 30 ಆಂಪೇರಿನ ಫ್ಯೂಸಿಗೆ ಹಿಂದಿರುಗುತ್ತದೆ. ಪ್ರತಿ ಸಾಕೆಟ್ಟಿಗೂ ವಿದ್ಯುತ್ತು ಎರಡು ಕಡೆಯಿಂದ ಒದಗುವುದರಿಂದ ಸಣ್ಣ ತಂತಿಯೇ ಸಾಕಾಗುತ್ತದೆ. ಸಾಕೆಟ್ಟುಗಳ ಸಂಖ್ಯೆಗೆ ಮಿತಿಯಿಲ್ಲ. ಮಿತಿಯಿರುವುದು ನೆಲದ ವಿಸ್ತೀರ್ಣಕ್ಕೆ, ಸುಮಾರು 1000 ಚದರಡಿ. ಆ ಮಿತಿಯೊಳಗೆ ಸೇರಿಸಿದ ಕೋಣೆಗೆ ಹೊಸ ಫ್ಯೂಸು ಬೇಡ. ಬಳೆಯನ್ನೇ ಕೊಂಚ ಹಿಗ್ಗಿಸಿದರೆ ಆಯಿತು.

ತಾಮ್ರದ ಅಭಾವವೇ ಇದಕ್ಕೆ ಕಾರಣವೆಂದು ಹೇಳುವುದು ರೂಢಿಯಾಗಿದೆ. ಅಭಾವವಿದ್ದುದು ನಿಜ, ಆದರೆ ನನಗೆ ಇದು ಅರ್ಧ ಉತ್ತರವೆಂದೇ ತೋರುತ್ತದೆ. ಚಳಿನಾಡಿನ ಮನೆಯಲ್ಲಿ ಮುಖ್ಯ ಭಾರವೆಂದರೆ ಕೈಯಲ್ಲಿ ಎತ್ತಿಕೊಂಡು ಹೋಗುವ ಬೆಂಕಿಗೂಡು. ಬೆಳಗ್ಗೆ ಅಡುಗೆಮನೆಯಲ್ಲಿರುವುದು ಸಂಜೆ ನಡುಮನೆಯಲ್ಲಿರುತ್ತದೆ. ಸಾಕೆಟ್ಟುಗಳು ಎಲ್ಲೆಡೆಯೂ ಬೇಕು, ಆದರೆ ಎಲ್ಲವೂ ಏಕಕಾಲಕ್ಕೆ ದುಡಿಯುವುದಿಲ್ಲ. ಬಳೆಯ ಲೆಕ್ಕಾಚಾರ ನಿಂತಿರುವುದು ಈ ಜಂಗಮ ಭಾರದ ಮೇಲೆ. ನಮ್ಮಲ್ಲಿ ಭಾರವು ಸ್ಥಾವರ. ಬಚ್ಚಲಿನ ನೀರು ಕಾಯಿಸುವ ಯಂತ್ರ, ಅಡುಗೆಮನೆಯ ರುಬ್ಬುವ ಯಂತ್ರ, ಚಾವಣಿಯ ಪಂಖ ಯಾವುವೂ ಸ್ಥಳ ಬದಲಿಸುವುದಿಲ್ಲ. ಇಂಥ ಮನೆಗೆ ಕೊಂಬೆಯ ಪದ್ಧತಿಯೇ ಒಪ್ಪುವುದು. ಆದುದರಿಂದ ನಾವು ಹಳೆಯದನ್ನು ಉಳಿಸಿಕೊಂಡುದನ್ನು ಕೇವಲ ಜಾಡ್ಯವೆಂದು ಎಣಿಸಲಾಗದು. ಬಳೆಗೆ ಒಂದು ಗುಪ್ತ ದೋಷವೂ ಉಂಟು: ಎಲ್ಲಿಯಾದರೂ ತುಂಡಾದರೆ ಸಾಕೆಟ್ಟುಗಳೆಲ್ಲ ಎಂದಿನಂತೆಯೇ ಕೆಲಸಮಾಡುತ್ತವೆ, ಆದರೆ ಭಾರವನ್ನೆಲ್ಲ ಒಂದೇ ಕಡೆಯ ಸಣ್ಣ ತಂತಿ ಹೊರಬೇಕಾಗುತ್ತದೆ. ಕೊಂಬೆ ತುಂಡಾದರೆ ದೀಪ ಆರಿ ತಾನೇ ತಿಳಿಸುತ್ತದೆ.

ಐ.ಎಸ್. 732 ಎಂಬ ಭಾರತೀಯ ಮಾನಕದ ಮೂಲಕ ನಮ್ಮಲ್ಲಿ ನೆಲೆಗೊಂಡ ಕ್ರಮದಲ್ಲಿ ದೀಪ-ಪಂಖಗಳ ಒಂದು ಕೊಂಬೆಗೆ ಹತ್ತು ಬಿಂದುಗಳು ಅಥವಾ 800 ವ್ಯಾಟು ಮೇರೆ. ಹೆಚ್ಚು ಭಾರದ ಕೊಂಬೆಗೆ ಎರಡು ಸಾಕೆಟ್ಟುಗಳು. ಮಹಡಿ ಕಟ್ಟಿದರೆ ಅದಕ್ಕೆ ಕೆಳಗಿನ ಮುಖ್ಯ ಹಲಗೆಯಿಂದ ದಪ್ಪ ತಂತಿಯೊಂದನ್ನು ಒಯ್ದು, ಮೇಲೆ ಪ್ರತ್ಯೇಕ ಉಪಹಲಗೆಯನ್ನು ಇಟ್ಟು, ಅಲ್ಲಿಂದ ಕೊಂಬೆಗಳನ್ನು ಬಿಡುವುದು ಸರಿಯಾದ ಮಾರ್ಗ. ಆ ಉಪಹಲಗೆಯಲ್ಲಿ ನ್ಯೂಟ್ರಲ್ ತಂತಿಯನ್ನೂ ಭೂಸಂಪರ್ಕದ ತಂತಿಯನ್ನೂ ಎಂದಿಗೂ ಕೂಡಿಸಕೂಡದು. ಕೂಡಿಸಿದರೆ ಹಿಂದಿರುಗುವ ವಿದ್ಯುತ್ತು ಭೂಸಂಪರ್ಕದ ತಂತಿಯಲ್ಲಿಯೂ ಹರಿಯತೊಡಗುತ್ತದೆ.

ಆಚರಣೆಯಲ್ಲಿ ಕಾಣುವುದು ಬೇರೆ. ಹೊಸ ಕೋಣೆಯ ತಂತಿಯನ್ನು ಪಕ್ಕದ ಕೋಣೆಯ ದೀಪದ ಬಿಂದುವಿನಿಂದಲೇ ಎಳೆದುಬಿಡುತ್ತಾರೆ. 750 ವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದೇ ಆ ಕೊಂಬೆಯ ಪಾಲನ್ನು ಹೆಚ್ಚುಕಡಿಮೆ ಮುಗಿಸುತ್ತದೆ. ಅದರ ಮೇಲೆ ಮತ್ತಷ್ಟು ಹೇರಿ ಫ್ಯೂಸು ಪದೇ ಪದೇ ಕರಗತೊಡಗಿದಾಗ ಯಾರೋ ಅದಕ್ಕೆ ದಪ್ಪ ತಂತಿ ಸುತ್ತುತ್ತಾರೆ. ಅಲ್ಲಿಂದ ಮುಂದೆ ಫ್ಯೂಸು ಕರಗುವುದಿಲ್ಲ. ಕಾಯುವುದು ಗೋಡೆಯೊಳಗಿನ ತಂತಿ.