ಕೆನಡಾ ಪ್ರವಾಸ: ವಿಮಾನವೋ, ರೈಲೋ?

ಕೆನಡಾ ಎಂಬ ಹೆಸರಿನ ಮೂಲಾರ್ಥ ‘ಹಳ್ಳಿ’. 1535ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇ ಸೇಂಟ್ ಲಾರೆನ್ಸ್ ನದಿಯನ್ನು ಹಿಡಿದು ಸಾಗಿದಾಗ, ಮೂಲನಿವಾಸಿಗಳು ತಮ್ಮ ಊರನ್ನು ಸೂಚಿಸಲು ಬಳಸಿದ ‘ಕನಾಟ’ ಎಂಬ ಶಬ್ದವನ್ನು ಆತ ಸೀಮೆಯ ಹೆಸರೆಂದೇ ಬಗೆದನು. (‘ಕನ್ನಡ’ಕ್ಕೂ ‘ಕೆನಡಾ’ಕ್ಕೂ ನಂಟುಂಟೇ ಎಂದು ಪ್ರತಿವರ್ಷವೂ ಭೂಗೋಳದ ತರಗತಿಯಲ್ಲಿ ಒಬ್ಬನಾದರೂ ಕೇಳುತ್ತಿದ್ದ. ಇಲ್ಲ; ಅದು ಶಬ್ದಸಾಮ್ಯ ಮಾತ್ರ.) ಹಳ್ಳಿಯ ಹೆಸರನ್ನು ಹೊತ್ತ ಆ ದೇಶ ಇಂದು ವಿಸ್ತೀರ್ಣದಲ್ಲಿ ಜಗತ್ತಿಗೆ ಎರಡನೆಯದು, ಭಾರತದ ಮೂರರಷ್ಟು. ಜನಸಂಖ್ಯೆಯಾದರೋ ನಾಲ್ಕು ಕೋಟಿಯ ಆಸುಪಾಸು, ನಮ್ಮ ಕರ್ನಾಟಕಕ್ಕಿಂತ ಕಡಿಮೆ.

ಟೊರಾಂಟೊದಲ್ಲಿ ನೆಲೆಸಿರುವ ಬಂಧುಗಳು ಮುಂದಿನ ಬೇಸಗೆಯಲ್ಲಿ ಮೂರು ವಾರಗಳ ಮಟ್ಟಿಗೆ ನಮ್ಮನ್ನು ಆಹ್ವಾನಿಸಿದ್ದಾರೆ. ಅವರು ಕಳುಹಿಸಿದ ಪ್ರವಾಸದ ಪಟ್ಟಿ ಬಹು ಅಚ್ಚುಕಟ್ಟಾಗಿತ್ತು: ನಯಾಗರಾ, ಟೊರಾಂಟೊ, ಅಲ್ಲಿಂದ ವಿಮಾನದಲ್ಲಿ ಐದು ಗಂಟೆ ಹಾರಿದರೆ ವ್ಯಾಂಕೂವರ್, ಬಳಿಕ ರಾಕಿ ಪರ್ವತಗಳ ಬ್ಯಾನ್ಫ್. ರೈಲಿನಲ್ಲಿ ಹೋಗೋಣವೆಂದು ನಾನು ಬರೆದೆ. “ನಾಲ್ಕು ರಾತ್ರಿ ಬೇಕು ಮಾಮ, ನಡುವೆ ನೋಡುವುದಕ್ಕೆ ಏನಿದೆ?” ಎಂಬ ಉತ್ತರ ಬಂತು. ಪತ್ರದಲ್ಲಿ ಬರೆಯಲಾಗದಷ್ಟು ಉದ್ದದ ಉತ್ತರವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಡುವೆ ಇರುವುದು ಆ ದೇಶ ದೇಶವಾದ ಕಥೆ. 1867ರಲ್ಲಿ ಒಕ್ಕೂಟ ರಚನೆಯಾದಾಗ ಕೆನಡಾ ಎಂದರೆ ಪೂರ್ವದ ನಾಲ್ಕು ಪ್ರಾಂತಗಳು ಮಾತ್ರ. ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾ 1871ರಲ್ಲಿ ಸೇರಿದ್ದು ಒಂದು ಕರಾರಿನ ಮೇಲೆ: ಹತ್ತು ವರ್ಷಗಳಲ್ಲಿ ಪೂರ್ವದಿಂದ ತಮ್ಮಲ್ಲಿಗೆ ರೈಲು ಹಳಿ ಬರಬೇಕು! ಗುತ್ತಿಗೆಯ ಲಂಚದ ಹಗರಣದಲ್ಲಿ ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ 1873ರಲ್ಲಿ ಅಧಿಕಾರವನ್ನೇ ಕಳೆದುಕೊಂಡರು. 1878ರಲ್ಲಿ ಮರಳಿ ಬಂದು, 1881ರಲ್ಲಿ ಕೆನಡಿಯನ್ ಪೆಸಿಫಿಕ್ ಕಂಪನಿಗೆ ಎರಡೂವರೆ ಕೋಟಿ ಡಾಲರನ್ನೂ ಎರಡೂವರೆ ಕೋಟಿ ಎಕರೆ ಭೂಮಿಯನ್ನೂ ಕೊಡಿಸಿದರು. ಆ ಭೂಮಿ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಅಂದು ಅಧಿಕಾರಸ್ಥರು ಕೇಳಲಿಲ್ಲ.

ಬಯಲುಸೀಮೆಯ ಬುಡಕಟ್ಟುಗಳ ಜೀವನಾಧಾರವಾಗಿದ್ದ ಕಾಡೆಮ್ಮೆಗಳು ಆ ಹೊತ್ತಿಗೆ ಬೇಟೆಗೆ ಸಿಕ್ಕಿ ನಾಶವಾಗಿದ್ದವು. ಹಸಿದ ಜನರಿಗೆ ಕೊಡಬೇಕಾಗಿದ್ದ ಪಡಿತರವನ್ನು ಸರ್ಕಾರ ತಡೆಹಿಡಿದು, ಅವರನ್ನು ಮೀಸಲು ನೆಲೆಗಳಿಗೆ ಅಟ್ಟಿತು. 1885ರಲ್ಲಿ ಮೇಟಿ ಜನರು (ಮೂಲನಿವಾಸಿ ಹಾಗೂ ಯುರೋಪಿಯನ್ ಮಿಶ್ರ ಸಂತತಿಯವರು) ಲೂಯಿ ರಿಯಲ್ ನೇತೃತ್ವದಲ್ಲಿ ದಂಗೆಯೆದ್ದರು. ಹಿಂದೆ 1870ರಲ್ಲಿ ಪಶ್ಚಿಮಕ್ಕೆ ಸೈನ್ಯ ಕಳುಹಿಸಲು ಮೂರು ತಿಂಗಳು ಹಿಡಿದಿತ್ತು. ಈ ಸಲ ಅರ್ಧಂಬರ್ಧ ಹಳಿಯ ಮೇಲೆ, ಹಳಿ ಇಲ್ಲದೆಡೆ ಹಿಮದಲ್ಲಿ ನಡೆಯುತ್ತ, ಸೈನಿಕರು ಹತ್ತು ದಿನಗಳೊಳಗೆ ವಿನಿಪೆಗ್ ತಲುಪಿದರು. ಅದುವರೆಗೆ ದಿವಾಳಿಯ ಅಂಚಿನಲ್ಲಿದ್ದ ಕಂಪನಿಗೆ ಸಂಸತ್ತು ಮತ್ತೆ ಹಣ ಮಂಜೂರು ಮಾಡಿತು. ದಂಗೆ ರೈಲನ್ನು ಉಳಿಸಿತು, ರೈಲು ದಂಗೆಯನ್ನು ಮುಗಿಸಿತು. 1885ರ ನವೆಂಬರ್ 7ರಂದು ಕ್ರೇಗೆಲಾಕಿ ಎಂಬಲ್ಲಿ ಹಳಿಯ ಕೊನೆಯ ಮೊಳೆ ಬಿತ್ತು. ನವೆಂಬರ್ 16ರಂದು ರೆಜೈನಾದಲ್ಲಿ ರಿಯಲ್‌ನನ್ನು ಗಲ್ಲಿಗೇರಿಸಲಾಯಿತು. ನಡುವೆ ಒಂಬತ್ತೇ ದಿನ.

ಕೊನೆಯ ಮೊಳೆಯ ಆ ಛಾಯಾಚಿತ್ರ ಬಹು ಪ್ರಸಿದ್ಧ. ಸುತ್ತಿಗೆ ಹಿಡಿದವರು ಡೊನಾಲ್ಡ್ ಸ್ಮಿತ್. ಹಿಂದೆ ಬಿಳಿಗಡ್ಡದ ಸ್ಯಾಂಡ್‌ಫರ್ಡ್ ಫ್ಲೆಮಿಂಗ್, ನಾವು ಭೂಗೋಳದಲ್ಲಿ ಓದುವ ಕಾಲವಲಯಗಳಿಗಾಗಿ ಹೋರಾಡಿದ ಎಂಜಿನಿಯರ್. ಆ ಚಿತ್ರದಲ್ಲಿ ಚೀನೀಯರು ಒಬ್ಬರೂ ಇಲ್ಲ. ಬ್ರಿಟಿಷ್ ಕೊಲಂಬಿಯಾದ ಕಡಿದಾದ ಕಣಿವೆಗಳಲ್ಲಿ ಸುಮಾರು 15,000 ಚೀನೀ ಕೂಲಿಗಳು ಬಿಳಿಯರಿಗಿಂತ ಕಡಿಮೆ ಸಂಬಳಕ್ಕೆ ಬಂಡೆ ಒಡೆದರು. ನೂರಾರು ಮಂದಿ ಸತ್ತರು. ಕೆಲಸ ಮುಗಿಯುತ್ತ ಬಂದ 1885ರಲ್ಲಿಯೇ, ದೇಶದೊಳಗೆ ಬರುವ ಪ್ರತಿಯೊಬ್ಬ ಚೀನೀಯನ ಮೇಲೆ 50 ಡಾಲರ್ ತಲೆಗಂದಾಯ ಹೇರಲಾಯಿತು. 1903ರ ಹೊತ್ತಿಗೆ ಅದು 500 ಡಾಲರ್. ಇದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2006ರಲ್ಲಿ.

ಇನ್ನು ಕಾಡಿನ ವಿಷಯ. ಬ್ಯಾನ್ಫ್‌ನ ಬಿಸಿನೀರಿನ ಬುಗ್ಗೆಗಳು 1883ರಲ್ಲಿ ಹೊರಜಗತ್ತಿನ ಗಮನಕ್ಕೆ ಬಂದದ್ದು ರೈಲ್ವೆ ಕೆಲಸಗಾರರಿಂದ. 1887ರಲ್ಲಿ ಅದು ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷವೇ ಕಂಪನಿಯ ಭವ್ಯ ಹೋಟೆಲು ಅಲ್ಲಿ ತಲೆಯೆತ್ತಿತು. ದುಬಾರಿ ಹಳಿಗೆ ಪ್ರಯಾಣಿಕರು ಬೇಕಲ್ಲ! ಆ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬೇಟೆಯಾಡಿ ಬದುಕಿದ್ದ ಸ್ಟೋನಿ ನಕೋಡ ಜನರಿಗೆ ಉದ್ಯಾನದಲ್ಲಿ ಬೇಟೆ ನಿಷಿದ್ಧವಾಯಿತು. ಅವರನ್ನೇ ವರ್ಷಕ್ಕೊಮ್ಮೆ ವೇಷಭೂಷಣಗಳೊಡನೆ ಪ್ರವಾಸಿಗರ ಮನರಂಜನೆಗೆ ಕರೆತರುವ ಪದ್ಧತಿ ಮಾತ್ರ ಬಹುಕಾಲ ನಡೆಯಿತು. ಜನರಿಲ್ಲದ ಕಾಡು ಎಂದು ನಾವು ಬೆರಗಿನಿಂದ ನೋಡುವ ಅನೇಕ ತಾಣಗಳು ಜನರನ್ನು ಹೊರಹಾಕಿ ಮಾಡಿದ ಕಾಡುಗಳು. ಆದ್ದರಿಂದ ಆ ಸೌಂದರ್ಯ ಸುಳ್ಳೆಂದು ನಾನು ಹೇಳಲಾರೆ. ನೋಡಲೇಬೇಕು.

ಈಗ ಯೋಜನೆಗೆ ಬರೋಣ. ಟೊರಾಂಟೊದಿಂದ ವ್ಯಾಂಕೂವರ್‌ಗೆ ‘ದಿ ಕೆನಡಿಯನ್’ ಎಂಬ ರೈಲಿದೆ; ದೂರ 4,466 ಕಿಲೋಮೀಟರ್. ಒಂದು ತೊಡಕಿದೆ. 1990ರಿಂದ ಈ ರೈಲು 1885ರ ಹಳಿಯನ್ನು ಬಿಟ್ಟು, ಉತ್ತರದ ಮತ್ತೊಂದು ಹಳಿಯ ಮೇಲೆ ಎಡ್ಮಂಟನ್, ಜ್ಯಾಸ್ಪರ್ ಮಾರ್ಗವಾಗಿ ಸಾಗುತ್ತದೆ. ಬ್ಯಾನ್ಫ್, ಕ್ರೇಗೆಲಾಕಿ ಈ ದಾರಿಯಲ್ಲಿಲ್ಲ. ಹಳಿ ಬೇರೊಂದು ಕಂಪನಿಯದಾದ್ದರಿಂದ ಸರಕು ಗಾಡಿಗಳಿಗೆ ದಾರಿ ಬಿಟ್ಟು ಗಂಟೆಗಟ್ಟಲೆ ನಿಲ್ಲುವುದೂ ಉಂಟು. ನಿವೃತ್ತರಿಗೆ ಅವಸರವೇನು?

ಮೊದಲ ಇಳಿದಾಣ ವಿನಿಪೆಗ್. ರೈಲು ವಾರಕ್ಕೆ ಕೆಲವೇ ದಿನ ಇರುವುದರಿಂದ ಇಳಿದರೆ ಮುಂದಿನ ಗಾಡಿಯ ತನಕ ಕಾಯಲೇಬೇಕು, ಕಾಯೋಣ. ನಿಲ್ದಾಣದ ಪಕ್ಕದಲ್ಲಿಯೇ ರೆಡ್, ಅಸಿನಿಬೊಯಿನ್ ನದಿಗಳ ಸಂಗಮ. ಸಾವಿರಾರು ವರ್ಷ ಮೂಲನಿವಾಸಿಗಳು ಕೂಡುತ್ತಿದ್ದ ತಾಣ. ಮೂಲನಿವಾಸಿ ಮಕ್ಕಳ ವಸತಿಶಾಲೆಗಳ ದಾಖಲೆಗಳನ್ನು ಕಾಪಾಡುವ ಸಂಸ್ಥೆಯಿರುವುದು ಇದೇ ನಗರದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಕಿತ್ತು ಒಯ್ದು, ತಾಯ್ನುಡಿ ಆಡಿದರೆ ದಂಡಿಸಿ, ‘ನಾಗರಿಕ’ರನ್ನಾಗಿಸಲು ಹೊರಟ ಶಾಲೆಗಳವು. ಸಹಸ್ರಾರು ಮಕ್ಕಳು ಹಿಂದಿರುಗಲಿಲ್ಲ. 2008ರಲ್ಲಿ ಸರ್ಕಾರ ಕ್ಷಮೆ ಯಾಚಿಸಿತು; ಸತ್ಯಶೋಧನಾ ಆಯೋಗ 2015ರಲ್ಲಿ ತನ್ನ ಅಂತಿಮ ವರದಿ ನೀಡಿತು. ಬಾಳೆಲ್ಲ ಪಾಠ ಹೇಳಿದ ನಾನು ‘ಶಾಲೆ’ ಎಂಬ ಪದಕ್ಕೆ ಇಂಥ ಅರ್ಥವೂ ಇತ್ತೆಂದು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತಿದ್ದೆ. ಪಟ್ಟಿಯಲ್ಲಿ ಬೇರೆ ಏನನ್ನು ಬಿಟ್ಟರೂ ವಿನಿಪೆಗ್ ಬಿಡಬಾರದೆಂಬುದು ನನ್ನ ಹಟ.

ಅಲ್ಲಿಂದ ಜ್ಯಾಸ್ಪರ್. 2024ರ ಜುಲೈನ ಕಾಳ್ಗಿಚ್ಚಿನಲ್ಲಿ ಆ ಊರಿನ ಮೂರನೇ ಒಂದು ಭಾಗದಷ್ಟು ಕಟ್ಟಡಗಳು ಸುಟ್ಟುಹೋದವು. ಕರಿಕಾದ ಮರಗಳನ್ನು ನೋಡಿ ಬೇಸರಿಸದೆ ಎರಡು ದಿನ ತಂಗುವುದು. ರೈಲಿಗೆ ಇಲ್ಲಿ ವಿದಾಯ ಹೇಳಿ, ಹಿಮನದಿಗಳ ಬದಿಯ ರಸ್ತೆಯಲ್ಲಿ ಸುಮಾರು 230 ಕಿಲೋಮೀಟರ್ ದಕ್ಷಿಣಕ್ಕೆ ಇಳಿದರೆ ಲೇಕ್ ಲೂಯಿಸ್, ಮುಂದೆ ಬ್ಯಾನ್ಫ್. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ನಾವು ಮೂರು ದಿನ ಇಡೋಣ. ಬಳಿಕ ಹಳೆಯ ಹಳಿಯ ಜತೆಜತೆಗೇ ಸಾಗುವ ಹೆದ್ದಾರಿಯಲ್ಲಿ ಕ್ರೇಗೆಲಾಕಿ, ಕ್ಯಾಮ್‌ಲೂಪ್ಸ್ ದಾಟಿ ವ್ಯಾಂಕೂವರ್.

ವ್ಯಾಂಕೂವರ್ ಬಂದರಿನಲ್ಲಿ ಅರ್ಧ ದಿನ ಬೇಕು. 1914ರ ಮೇ 23ರಂದು ‘ಕೊಮಗಾಟ ಮಾರು’ ಎಂಬ ಹಡಗು 376 ಭಾರತೀಯರನ್ನು ಹೊತ್ತು ಇಲ್ಲಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಹುಟ್ಟಿದ ದೇಶದಿಂದ ಎಲ್ಲಿಯೂ ತಡೆಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂಬ ಕಾನೂನು ಇತ್ತು. ಭಾರತದಿಂದ ನೇರ ಹಡಗು ಇರಲಿಲ್ಲ. ಎರಡು ತಿಂಗಳು ದಡ ಕಾಣುತ್ತ ನೀರಿನಲ್ಲಿಯೇ ಕಳೆದ ಬಳಿಕ, ಬೆರಳೆಣಿಕೆಯ ಕೆಲವರನ್ನು ಬಿಟ್ಟು ಎಲ್ಲರನ್ನೂ ಜುಲೈ 23ರಂದು ಹಿಂದಕ್ಕೆ ಕಳುಹಿಸಲಾಯಿತು. ಕಲ್ಕತ್ತೆಯ ಸಮೀಪದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು; ಇಪ್ಪತ್ತರಷ್ಟು ಮಂದಿ ಮಡಿದರು. ಈ ಪ್ರಕರಣಕ್ಕಾಗಿ ಕೆನಡಾದ ಸಂಸತ್ತಿನಲ್ಲಿ ಪ್ರಧಾನಿ ಕ್ಷಮೆ ಕೇಳಿದ್ದು 2016ರಲ್ಲಿ. 2022ರಲ್ಲಿ ಅದೇ ಸಂಸತ್ತಿನಲ್ಲಿ ನಮ್ಮ ತುಮಕೂರು ಜಿಲ್ಲೆಯ ಶಿರಾ ಮೂಲದ ಚಂದ್ರ ಆರ್ಯ ಅವರು ಕನ್ನಡದಲ್ಲಿ ಮಾತನಾಡಿದುದನ್ನು ನೀವೆಲ್ಲ ಕೇಳಿಯೇ ಇದ್ದೀರಿ. ಬಂದರಿನ ದಂಡೆಯಲ್ಲಿ ಆ ಹಡಗಿನವರ ಸ್ಮಾರಕವಿದೆ. ಹಿಂದಿರುಗುವ ವಿಮಾನವನ್ನು ರಾತ್ರಿಯದಾಗಿ ನೋಡಿ ಗೊತ್ತುಮಾಡಿ ಎಂದು ಬಂಧುಗಳಿಗೆ ತಿಳಿಸಿದ್ದೇನೆ.