ವೇಲ್ಸ್‌ನವರನ್ನ ನೋಡಿ ನಕ್ಕರು, ಆಮೇಲೆ ವೇಲ್ಸ್‌ನವರೇ ನಕ್ಕರು

ಇಂಗ್ಲೆಂಡಿನ ಪಕ್ಕದಲ್ಲೇ ಇರೋ ಪುಟ್ಟ ದೇಶ ವೇಲ್ಸ್. ಅದಕ್ಕೆ ತನ್ನದೇ ಭಾಷೆ ಇದೆ, ವೆಲ್ಷ್. ಈ ಭಾಷೆ ಆಡೋರ ಮೇಲೆ ಇಂಗ್ಲಿಷರು ಮಾಡಿರೋ ಜೋಕುಗಳಿಗೆ 400 ವರ್ಷಕ್ಕೂ ಹೆಚ್ಚು ವಯಸ್ಸು!

ಶೇಕ್ಸ್‌ಪಿಯರ್ 1599ರ ಸುಮಾರಿಗೆ ಬರೆದ ‘ಐದನೇ ಹೆನ್ರಿ’ ನಾಟಕದಲ್ಲಿ ಫ್ಲುಎಲೆನ್ ಅಂತ ಒಬ್ಬ ವೆಲ್ಷ್ ಕ್ಯಾಪ್ಟನ್ ಬರ್ತಾನೆ. ಅವನ ಬಾಯಲ್ಲಿ ‘ಬ’ ಹೋಗಿ ‘ಪ’ ಆಗುತ್ತೆ. ‘ಬಿಗ್’ ಅನ್ನೋಕೆ ಹೋಗಿ ‘ಪಿಗ್’ ಅಂದು, ಪಾಪ, ಅಲೆಕ್ಸಾಂಡರ್ ಚಕ್ರವರ್ತಿಯನ್ನ ಹಂದಿ ಮಾಡಿಬಿಡ್ತಾನೆ. ಆದರೂ ಶೇಕ್ಸ್‌ಪಿಯರ್ ಅವನನ್ನ ಧೈರ್ಯವಂತನಾಗಿಯೂ ತೋರಿಸಿದ್ದಾನೆ. 18ನೇ ಶತಮಾನದ ಒಂದು ಇಂಗ್ಲಿಷ್ ಶಿಶುಗೀತೆಗೆ ಅಷ್ಟು ಔದಾರ್ಯವೂ ಇಲ್ಲ. ಅದರಲ್ಲಿ ಬರೋ ಟ್ಯಾಫಿ ಅನ್ನೋ ವೆಲ್ಷ್ ಮನುಷ್ಯ ಮಾಂಸ ಕದಿಯೋ ಕಳ್ಳ, ಅಷ್ಟೇ.

ತಮಾಷೆ ತಾನೇ, ಬಿಡಿ ಅಂತೀರಾ? ಸ್ವಲ್ಪ 1847ಕ್ಕೆ ಬನ್ನಿ.

ವೇಲ್ಸ್‌ನ ಶಾಲೆಗಳು ಹೇಗಿವೆ ಅಂತ ನೋಡೋಕೆ ಸರ್ಕಾರ ಮೂವರು ಇಂಗ್ಲಿಷ್ ವಕೀಲರನ್ನ ಕಳಿಸಿತ್ತು. ಮೂವರಿಗೂ ವೆಲ್ಷ್ ಬರ್ತಿರಲಿಲ್ಲ. ವೆಲ್ಷ್ ಬಿಟ್ಟು ಬೇರೇನೂ ಗೊತ್ತಿಲ್ಲದ ಮಕ್ಕಳಿಗೆ ಎಷ್ಟೋ ಕಡೆ ಇಂಗ್ಲಿಷಲ್ಲೇ ಪ್ರಶ್ನೆ ಕೇಳಿದರು. ಮಕ್ಕಳು ಸುಮ್ಮನೆ ನಿಂತರು. ಆ ವರ್ಷ ಬಂದ ವರದಿ ಶಾಲೆಗಳು ಕಳಪೆ ಅಂತ ಹೇಳಿ ನಿಲ್ಲಲಿಲ್ಲ. ಇಲ್ಲಿನ ಹೆಂಗಸರ ನಡತೆ ಸರಿಯಿಲ್ಲ, ಜನರ ಏಳಿಗೆಗೆ ಅವರ ಭಾಷೆಯೇ ಅಡ್ಡಿ ಅಂತಲೂ ಬರೀತು. ಅಲ್ಲಿವರೆಗೆ ಜೋಕಾಗಿದ್ದದ್ದು ಈಗ ಸರ್ಕಾರಿ ದಾಖಲೆ!

ವೇಲ್ಸ್ ಉರಿದುಬಿತ್ತು. ಆಮೇಲೆ ಅದೂ ನಗೋಕೆ ಶುರು ಮಾಡ್ತು. 1854ರಲ್ಲಿ ಆರ್. ಜೆ. ಡೆರ್ವೆಲ್ ಅನ್ನೋ ಕವಿ ಈ ವರದಿಯನ್ನ ಗೇಲಿ ಮಾಡಿ ಒಂದು ನಾಟಕ ಬರೆದ. ಹಳೇ ಐತಿಹ್ಯವೊಂದರಲ್ಲಿ ಸ್ಯಾಕ್ಸನ್ನರು ಔತಣಕ್ಕೆ ಕರೆದು, ಬಚ್ಚಿಟ್ಟ ಉದ್ದ ಕತ್ತಿಗಳಿಂದ ಇರೀತಾರೆ. ಅದಕ್ಕೆ ‘ಉದ್ದ ಕತ್ತಿಗಳ ದ್ರೋಹ’ ಅಂತ ಹೆಸರು. ವರದಿಯ ರಟ್ಟು ನೀಲಿ ಇತ್ತಲ್ಲ, ಡೆರ್ವೆಲ್ ತನ್ನ ನಾಟಕಕ್ಕೆ ‘ನೀಲಿ ಪುಸ್ತಕಗಳ ದ್ರೋಹ’ ಅಂತ ಹೆಸರಿಟ್ಟ. ವರದಿಯ ಉದ್ದುದ್ದ ಸರ್ಕಾರಿ ಹೆಸರು ಯಾರಿಗೂ ನೆನಪಿಲ್ಲ. ಇವತ್ತಿಗೂ ಇತಿಹಾಸಕಾರರು ಬಳಸೋದು ಡೆರ್ವೆಲ್ ಇಟ್ಟ ಹೆಸರನ್ನೇ.

ಆದರೆ ನಗೆ ಎಲ್ಲವನ್ನೂ ಉಳಿಸಲಿಲ್ಲ. ವೆಲ್ಷ್ ಕಲಿತರೆ ಉದ್ಧಾರ ಆಗಲ್ಲ ಅನ್ನೋ ಮಾತನ್ನ ಎಷ್ಟೋ ತಂದೆತಾಯಿಗಳೇ ನಂಬಿದರು. ಕಲ್ಲಿದ್ದಲು ಗಣಿಗಳಿಗೆ ಹೊರಗಿನಿಂದ ಜನ ಬಂದರು. 1901ರಲ್ಲಿ ಸುಮಾರು ಅರ್ಧದಷ್ಟು ಜನ ಆಡ್ತಿದ್ದ ಭಾಷೆ 2021ರ ಜನಗಣತಿ ಹೊತ್ತಿಗೆ 17.8%ಕ್ಕೆ ಇಳಿದಿತ್ತು.

1970ರ ದಶಕದಲ್ಲಿ ಬಿಬಿಸಿ ಟೀವಿಯಲ್ಲಿ ‘ವೋ ಅ ವೆ’ ಅನ್ನೋ ವೆಲ್ಷ್ ಕಾಮಿಡಿ ಬರ್ತಿತ್ತು. ‘ವೋ’ ಅಂದರೂ ‘ವೆ’ ಅಂದರೂ ಅರ್ಥ ‘ಅವನು’ ಅಂತಲೇ. ಮೊದಲನೇದು ಉತ್ತರದ ಮಾತು, ಎರಡನೇದು ದಕ್ಷಿಣದ್ದು. ಕಥೆಯಲ್ಲಿ ಇಬ್ಬರು ಬೀಗರು. ಉತ್ತರದವನಿಗೆ ಚರ್ಚು, ಭಕ್ತಿ. ದಕ್ಷಿಣದವನಿಗೆ ಬಿಯರು, ರಾಜಕೀಯ. ಒಂದೇ ಸೂರಿನಡಿ ದಿನಾ ಜಗಳ!

ಇದೂ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರಗಳೇ, ಇಲ್ಲ ಅನ್ನಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಹೊರಗಿನವರ ಜೋಕಲ್ಲಿ ಇದ್ದದ್ದು ಒಬ್ಬನೇ ವೆಲ್ಷ್ ಮನುಷ್ಯ, ಟ್ಯಾಫಿ. ಒಳಗಿನವರು ಬರೆದ ತಕ್ಷಣ ಅವನು ಇಬ್ಬರಾದ, ಅದೂ ಒಬ್ಬರಿಗೊಬ್ಬರು ಒಪ್ಪದ ಇಬ್ಬರು.

ಯಾವುದಾದರೂ ಊರಿನವರ ಬಗ್ಗೆ ಜೋಕ್ ಕೇಳಿದಾಗ ಎಣಿಸಿ ನೋಡಿ: ಅದರಲ್ಲಿ ಎಷ್ಟು ಥರದ ಜನ ಇದ್ದಾರೆ?

#ಇತಿಹಾಸ #ವೇಲ್ಸ್ #ನಗೆಯಹಿಂದೆ